ಕಲ್ಲಿನ ತೊಲೆಯೂ ದೇವಾಲಯದ ಕಂಬಗಳೂ

ಮಲಪ್ರಭಾ ನದಿಯ ದಡದಲ್ಲಿರುವ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು 8ನೆಯ ಶತಮಾನದ ಕಟ್ಟಡ. ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಇದನ್ನು ಕಟ್ಟಿಸಿದಳು. ಇದರ ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆತುದನ್ನು ಅಲ್ಲಿಯ ಶಾಸನವು ತಿಳಿಸುತ್ತದೆ. 1,200 ವರ್ಷಗಳಿಗೂ ಮಿಗಿಲಾಗಿ ಬಿಸಿಲು ಮಳೆಗಳನ್ನು ಸಹಿಸಿ ನಿಂತಿರುವ ಈ ಮಂದಿರದೊಳಗೆ ಕಾಲಿಟ್ಟೊಡನೆ ನಮ್ಮ ಕಣ್ಣಿಗೆ ಬೀಳುವುದು ಕಂಬಗಳ ಸಾಲು. ಇಷ್ಟೊಂದು ಕಂಬಗಳು ಕೇವಲ ಅಲಂಕಾರಕ್ಕಾಗಿ ಇವೆಯೆ? ಅಲ್ಲ. ಇದಕ್ಕೆ ಕಾರಣವು ಕಲ್ಲಿನ ಗುಣದಲ್ಲಿಯೇ ಇದೆ.

ಒಂದು ಸೀಮೆಸುಣ್ಣದ ಕಡ್ಡಿಯನ್ನು ತೆಗೆದುಕೊಳ್ಳೋಣ. ಅದನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಅದು ಸುಲಭವಾಗಿ ಮುರಿಯದು. ಎರಡು ತುದಿಗಳನ್ನು ಹಿಡಿದು ಬಗ್ಗಿಸಿದರೆ ಮಾತ್ರ ಪಟ್ಟನೆ ಮುರಿಯುತ್ತದೆ. ಕಲ್ಲಿನ ಸ್ವಭಾವವೂ ಇಂತಹುದೇ. ಎರಡು ಕಂಬಗಳ ಮೇಲೆ ಅಡ್ಡಲಾಗಿಟ್ಟ ತೊಲೆಯು ಭಾರದಿಂದ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಭಾಗವು ಒತ್ತಲ್ಪಡುತ್ತದೆ, ಕೆಳಭಾಗವು ಎಳೆಯಲ್ಪಡುತ್ತದೆ. ಒತ್ತನ್ನು ತಾಳುವುದರಲ್ಲಿ ಕಲ್ಲು ಬಲು ಗಟ್ಟಿ. ಎಳೆತವನ್ನು ತಾಳುವ ಶಕ್ತಿಯಾದರೋ ಅದರ ಸುಮಾರು ಹತ್ತನೆಯ ಒಂದು ಪಾಲು, ಎಷ್ಟೋ ಬಾರಿ ಅದಕ್ಕಿಂತಲೂ ಕಡಿಮೆ. ಅಷ್ಟೇ ದಪ್ಪದ ತೊಲೆಯ ಉದ್ದವನ್ನು ಇಮ್ಮಡಿ ಮಾಡಿದರೆ, ಅದರ ಸ್ವಂತ ಭಾರದಿಂದಲೇ ಕೆಳಭಾಗದ ಎಳೆತವು ನಾಲ್ಮಡಿಯಾಗುತ್ತದೆ. ಆದುದರಿಂದ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸುವುದು ಶಿಲ್ಪಿಗೆ ಅನಿವಾರ್ಯವಾಯಿತು.

ಮರಕ್ಕೆ ಈ ತೊಡಕು ಅಷ್ಟಾಗಿ ಇಲ್ಲ. ಅದರ ನಾರುಗಳು ಎಳೆತವನ್ನು ಚೆನ್ನಾಗಿ ತಾಳುತ್ತವೆ. ಐಹೊಳೆಯ ಲಾಡಖಾನ್ ಗುಡಿಯ ಮಾಡನ್ನು ನೋಡಿದರೆ, ಇಳಿಜಾರಾದ ಚಪ್ಪಡಿಗಳ ಸಂದುಗಳನ್ನು ಮರದ ದಿಮ್ಮಿಗಳಂತೆ ಕಾಣುವ ಉದ್ದನೆಯ ಕಲ್ಲುಗಳು ಮುಚ್ಚಿವೆ. ಮರದ ಕಟ್ಟಡದ ರೂಪವನ್ನು ಕಲ್ಲಿಗೆ ತರುವುದು ಸಾಧ್ಯವಾಯಿತು. ಮರದ ಗುಣವನ್ನು ತರುವುದು ಸಾಧ್ಯವಿರಲಿಲ್ಲ.

ಈ ಮಿತಿಯೊಳಗೇ ನಮ್ಮ ಶಿಲ್ಪಿಗಳು ಹಲವು ಉಪಾಯಗಳನ್ನು ಕಂಡುಕೊಂಡರು. ಕಂಬದ ತಲೆಯ ಮೇಲಿನ ಬೋದಿಗೆಯು ಎರಡು ಕಡೆಗೂ ಚಾಚಿ ತೊಲೆಗೆ ಆಸರೆ ಕೊಡುತ್ತದೆ. ಅಷ್ಟರಮಟ್ಟಿಗೆ ತೊಲೆಯು ದಾಟಬೇಕಾದ ಅಂತರವು ಕಿರಿದಾಗುತ್ತದೆ. ನಾಲ್ಕು ಮೂಲೆಗಳಿಗೆ ಅಡ್ಡಲಾಗಿ ಚಪ್ಪಡಿಗಳನ್ನಿಟ್ಟು, ಅದರ ಮೇಲೆ ಮತ್ತೊಂದು ಸುತ್ತನ್ನು ಏರಿಸುತ್ತ ಹೋದರೆ, ನಡುವಿನ ತೆರಪು ಕ್ರಮೇಣ ಚಿಕ್ಕದಾಗಿ ಕೊನೆಗೆ ಒಂದೇ ಕಲ್ಲಿನಿಂದ ಮುಚ್ಚುವಂತಾಗುತ್ತದೆ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ತಲೆಯೆತ್ತಿ ನೋಡಿದರೆ ಇಂತಹ ಜಾಣ್ಮೆಯು ಸೊಗಸಿನೊಡನೆ ಕೂಡಿಕೊಂಡಿರುವುದು ಕಾಣುತ್ತದೆ. ಹೊಯ್ಸಳರ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ತೆರೆದಿಟ್ಟ ಮೇಲೆ ಗಡುಸಾಗುತ್ತದೆ. ಆದುದರಿಂದಲೇ ಕಂಬಗಳನ್ನು ತಿರುಗಿಸಿ ಕಡೆಯುವುದೂ, ಕೂದಲೆಳೆಯಂತಹ ಕೆತ್ತನೆಯೂ ಸಾಧ್ಯವಾದುವು.

ಆದರೆ ಕಲ್ಲು ಚಿರಂಜೀವಿಯಲ್ಲ. ಇಂತಹ ಗುಡಿಗಳಲ್ಲಿ ಕಲ್ಲುಗಳನ್ನು ಹೆಚ್ಚಾಗಿ ಗಾರೆಯಿಲ್ಲದೆ ಒಂದರ ಮೇಲೊಂದು ಕೂಡಿಸಲಾಗಿದೆ. ಭಾರವೂ ಘರ್ಷಣೆಯೂ ಅವುಗಳನ್ನು ಹಿಡಿದಿಟ್ಟಿವೆ. ಮಾಡಿನ ಸಂದಿನಲ್ಲಿ ಹಕ್ಕಿ ಬಿಸುಟ ಒಂದು ಆಲದ ಬೀಜ ಮೊಳೆತರೆ, ಬೇರು ಬೆಳೆದಂತೆ ಕಲ್ಲುಗಳು ಸರಿಯುತ್ತವೆ, ಮಳೆಯ ನೀರು ಒಳಗಿಳಿಯುತ್ತದೆ. ಒಂದು ಕಂಬ ತುಸು ಕುಸಿದರೂ ಅದರ ಭಾರವು ನೆರೆಯ ತೊಲೆಗಳ ಮೇಲೆ ಬೀಳುತ್ತದೆ. ಆಗ ಬಿರುಕು ಮೂಡುವುದು ತೊಲೆಯ ಕೆಳಮೈಯಲ್ಲಿ, ಎಳೆತವಿರುವ ಕಡೆಯಲ್ಲಿ. ಬೇಲೂರಿನ ಗರ್ಭಗುಡಿಯ ಮೇಲಿದ್ದ ಶಿಖರವು ಇಂದು ಇಲ್ಲ. ಕೆಳಗಿನ ಕಟ್ಟಡವನ್ನು ಉಳಿಸುವ ಸಲುವಾಗಿ 19ನೆಯ ಶತಮಾನದಲ್ಲಿ ಅದನ್ನು ಇಳಿಸಬೇಕಾಯಿತು.

ಪಟ್ಟದಕಲ್ಲು 1987ರಲ್ಲಿಯೂ, ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿಯೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಪಟ್ಟಿಗೆ ಸೇರದ ಸಣ್ಣ ಗುಡಿಗಳು ನಮ್ಮ ಊರೂರಿನಲ್ಲಿಯೂ ಉಂಟು. ಅಂತಹ ಗುಡಿಗೆ ಹೋದಾಗ ವಿಗ್ರಹಗಳ ಚೆಲುವನ್ನು ನೋಡುವುದರ ಜೊತೆಗೆ ತೊಲೆಯ ಅಡಿಭಾಗವನ್ನೂ ಮಾಡಿನ ಸಂದುಗಳನ್ನೂ ಗಮನಿಸುವ ಅಭ್ಯಾಸ ನಮಗಿರಲಿ. ಎಳೆಯ ಗಿಡವನ್ನು ಕಂಡ ದಿನವೇ ಊರ ಹಿರಿಯರಿಗೋ ಪುರಾತತ್ತ್ವ ಇಲಾಖೆಗೋ ತಿಳಿಸಿದರೆ ಅದನ್ನು ತೆಗೆಯುವುದು ಸುಲಭದ ಕೆಲಸ. ಅದು ಮರವಾದ ಮೇಲೆ ಬೇರನ್ನು ಕೀಳಹೋದರೆ ಗೋಡೆಯೇ ಕಿತ್ತುಬಂದೀತು.