ಬ್ಯಾಂಕಿನ ಬಾಗಿಲೂ ಪ್ರಜೆಯ ಹಕ್ಕೂ

ಸಂಸಾರವನ್ನು ನಡೆಸುವವರಿಗೆ ಬ್ಯಾಂಕಿನ ಖಾತೆಯು ಈಗ ಮನೆಯ ಒಲೆಯಷ್ಟೇ ಅವಶ್ಯವಾಗಿದೆ. ಸಂಬಳವಾಗಲಿ, ಪಿಂಚಣಿಯಾಗಲಿ, ಸರಕಾರದ ಸಹಾಯಧನವಾಗಲಿ ಅದರ ಮೂಲಕವೇ ಮನೆಯನ್ನು ಸೇರಬೇಕು. ಜಯನಗರ, ಬನಶಂಕರಿ, ಜೆ. ಪಿ. ನಗರಗಳಲ್ಲಿ ಬ್ಯಾಂಕುಗಳಿಗೆ ಕೊರತೆಯಿಲ್ಲ. ಆದರೂ ಖಾತೆಯನ್ನು ತೆರೆಯುವ ಕಾರ್ಯವು ಇತ್ತೀಚೆಗೆ ಬಹುಮಟ್ಟಿಗೆ ಮೊಬೈಲ್ ಫೋನಿನಲ್ಲಿಯೇ ಜರುಗುತ್ತದೆ. ಇದರಿಂದ ಅನೇಕರಿಗೆ ಅನುಕೂಲವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಅನುಕೂಲವು ಕೆಲವರಿಗೆ ಗೋಡೆಯಾಗಿ ನಿಂತ ಬಗೆಯನ್ನೂ, ನಮ್ಮ ಬೆಂಗಳೂರಿನ ಮಹಿಳೆಯೊಬ್ಬರು ಆ ಗೋಡೆಯನ್ನು ನ್ಯಾಯಮಾರ್ಗದಿಂದ ಕೆಡವಿದ ಬಗೆಯನ್ನೂ ವಾಚಕರು ತಿಳಿಯಬೇಕೆಂದು ನಾವು ಬಯಸುತ್ತೇವೆ.

ಶ್ರೀಮತಿ ಪ್ರಜ್ಞಾ ಪ್ರಸೂನ್ ಅವರು 2006ರಲ್ಲಿ ರೈಲು ಪ್ರಯಾಣದಲ್ಲಿದ್ದಾಗ ದುಷ್ಟನೊಬ್ಬನು ಅವರ ಮೇಲೆ ಆಮ್ಲವನ್ನೆರಚಿದನು. ಮುಖವೂ ಕಣ್ಣುಗಳೂ ಘೋರವಾಗಿ ಸುಟ್ಟವು. ಅನೇಕ ಶಸ್ತ್ರಚಿಕಿತ್ಸೆಗಳನ್ನು ಸಹಿಸಿ, ಬೆಂಗಳೂರಿನಲ್ಲಿ ನೆಲೆಸಿ, ತಮ್ಮಂತೆಯೇ ನೊಂದವರ ಸೇವೆಗಾಗಿ ಅವರು ‘ಅತಿಜೀವನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇಂತಹವರು 2023ರ ಜುಲೈ ತಿಂಗಳಲ್ಲಿ ಖಾತೆ ತೆರೆಯಲೆಂದು ಬ್ಯಾಂಕೊಂದಕ್ಕೆ ಹೋದರು.

ಗ್ರಾಹಕನ ಗುರುತನ್ನು ಪರೀಕ್ಷಿಸುವ ಕ್ರಮಕ್ಕೆ ಕೆ.ವೈ.ಸಿ. ಎಂದು ಹೆಸರು. ಫೋನಿನಲ್ಲಿ ಇದನ್ನು ನಡೆಸುವಾಗ, ಯಂತ್ರದ ಮುಂದೆ ಮುಖವಿಟ್ಟು ಕಣ್ಣುರೆಪ್ಪೆಯನ್ನು ಮಿಟುಕಿಸಬೇಕು. ಬೇರೊಬ್ಬರ ಭಾವಚಿತ್ರವನ್ನು ತೋರಿಸಿ ಮೋಸ ಮಾಡುವವರನ್ನು ತಡೆಯುವುದಕ್ಕೆ, ಎದುರಿಗಿರುವುದು ಜೀವಂತ ವ್ಯಕ್ತಿಯೇ ಎಂದು ಅರಿಯುವುದಕ್ಕೆ ಈ ಉಪಾಯ. ಉದ್ದೇಶವು ಒಳ್ಳೆಯದೇ. ಆದರೆ ಬೆಂದ ಕಣ್ಣುಗಳ ಈ ಮಹಿಳೆಗೆ ರೆಪ್ಪೆ ಮಿಟುಕಿಸುವುದು ಸಾಧ್ಯವಾಗಲಿಲ್ಲ. ಜೀವಂತವಾಗಿ ಎದುರಿಗಿದ್ದವರನ್ನೇ ಯಂತ್ರವು ಒಪ್ಪಲಿಲ್ಲ! ಈ ಸಂಗತಿಯು ಸಾರ್ವಜನಿಕರಲ್ಲಿ ಚರ್ಚೆಗೆ ಬಂದ ಬಳಿಕ ಅವರ ಮಟ್ಟಿಗೆ ವಿನಾಯಿತಿ ದೊರೆಯಿತು.

ಸಾಮಾನ್ಯರಾಗಿದ್ದರೆ ಅಲ್ಲಿಗೇ ತೃಪ್ತರಾಗುತ್ತಿದ್ದರೇನೋ. ಒಬ್ಬರಿಗೆ ದೊರೆತ ವಿನಾಯಿತಿಯು ದಾಕ್ಷಿಣ್ಯವಾದೀತು, ಹಕ್ಕಾಗಲಾರದು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯಂತೆ, ಕಾನೂನು ಕೊಟ್ಟದ್ದನ್ನು ಯಂತ್ರವು ಕೊಡದಿದ್ದರೆ ಗತಿಯೇನು? 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಆಮ್ಲದಾಳಿಗೆ ತುತ್ತಾದವರನ್ನೂ ತನ್ನ ರಕ್ಷಣೆಯೊಳಗೆ ಸೇರಿಸಿಕೊಂಡಿದೆಯಷ್ಟೆ. ಆದಕಾರಣ ಅವರೂ ಅವರಂತೆ ನೊಂದ ಇತರರೂ ಕೂಡಿ, ಕೇಂದ್ರ ಸರಕಾರವೇ ಮೊದಲಾದವರನ್ನು ಪ್ರತಿವಾದಿಗಳನ್ನಾಗಿ ಮಾಡಿ, 2024ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ದೃಷ್ಟಿಹೀನರಾದ ಗೃಹಸ್ಥರೊಬ್ಬರ ಅರ್ಜಿಯೂ ಇದರೊಡನೆ ವಿಚಾರಣೆಗೆ ಬಂದಿತು. ಕಣ್ಣು ಕಾಣದವರು ತಮ್ಮ ಮುಖವನ್ನು ಚೌಕಟ್ಟಿನೊಳಗೆ ನಿಲ್ಲಿಸುವುದೆಂತು? ಪರರ ನೆರವು ಬೇಡಿದರೆ ಹಣದ ಗುಟ್ಟು ಪರರ ಕೈಸೇರಿತಲ್ಲವೆ?

2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ. ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠವು ತೀರ್ಪನ್ನಿತ್ತಿತು. ಇಂತಹ ಸೌಕರ್ಯಗಳನ್ನು ಎಲ್ಲರಂತೆ ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯು ಕಾಪಾಡುವ ಜೀವಿಸುವ ಹಕ್ಕಿನ ಅಂಗವೆಂದು ಸಾರಿ, ನ್ಯಾಯಾಲಯವು 20 ನಿರ್ದೇಶನಗಳನ್ನು ಕೊಟ್ಟಿತು. ಗೃಹಸ್ಥರಿಗೆ ಮುಖ್ಯವಾದ ಕೆಲವನ್ನು ಇಲ್ಲಿ ಹೇಳುತ್ತೇವೆ. ಜೀವಂತಿಕೆಯನ್ನು ತಿಳಿಯಲು ರೆಪ್ಪೆ ಮಿಟುಕಿಸುವುದಲ್ಲದೆ ಬೇರೆ ಮಾರ್ಗಗಳೂ ಇರಬೇಕು. ಹೆಬ್ಬೆಟ್ಟಿನ ಗುರುತನ್ನೂ ಅಂಗೀಕರಿಸಬೇಕು. ಕಾಗದಪತ್ರಗಳ ಮೂಲಕ ನಡೆಯುವ ಹಳೆಯ ಕ್ರಮವು ಮುಂದುವರಿಯಬೇಕು. ಯಂತ್ರವು ತಿರಸ್ಕರಿಸಿದ ಅರ್ಜಿಯನ್ನು ಮನುಷ್ಯನಾದ ಅಧಿಕಾರಿಯೊಬ್ಬನು ಪುನಃ ಪರಿಶೀಲಿಸಬೇಕು. ಹೊಸ ಉಪಕರಣಗಳನ್ನು ಪರೀಕ್ಷಿಸುವಾಗ ದೃಷ್ಟಿಹೀನರನ್ನೂ ಸೇರಿಸಿಕೊಳ್ಳಬೇಕು. ಅದೇ ವರ್ಷದ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ತನ್ನ ನಿಯಮಗಳನ್ನು ತಿದ್ದಿ, ಜೀವಂತಿಕೆಯ ಪರೀಕ್ಷೆಯಿಂದ ವಿಶೇಷ ಅಗತ್ಯವುಳ್ಳವರು ಹೊರಗುಳಿಯಬಾರದೆಂದು ವಿಧಿಸಿತು.

ಈ ವ್ಯಾಜ್ಯವು ಎಲ್ಲಿಯೋ ಯಾರಿಗೋ ಸಂಬಂಧಿಸಿದ್ದೆಂದು ವಾಚಕರು ಭಾವಿಸಕೂಡದು. ಮುಪ್ಪು ಯಾರನ್ನೂ ಬಿಡುವುದಿಲ್ಲ. ಅಜ್ಜನ ಕಣ್ಣು ಮಂಜಾಗುವುದು; ಪಾತ್ರೆ ತಿಕ್ಕಿ ತಿಕ್ಕಿ ಅಜ್ಜಿಯ ಬೆರಳ ರೇಖೆ ಸವೆಯುವುದು; ಪಾರ್ಶ್ವವಾಯುವಿನಿಂದ ಅರ್ಧ ಮುಖವು ಅಲುಗದಾಗುವುದು. ಅಂತಹ ಹಿರಿಯರನ್ನು ಯಂತ್ರವು ಒಪ್ಪದಿದ್ದಾಗ ಮನೆಯವರು ನಾಚಿ ಹಿಂದಿರುಗಬೇಕಾಗಿಲ್ಲ. ಕಾಗದದ ಕ್ರಮವನ್ನು ಅನುಸರಿಸಿರೆಂದು ಶಾಖೆಯಲ್ಲಿ ವಿನಯದಿಂದಲೂ ದೃಢತೆಯಿಂದಲೂ ಕೇಳಬಹುದು. ಒಪ್ಪದಿದ್ದರೆ ಕಾರಣವನ್ನು ಬರೆದುಕೊಡುವಂತೆ ಕೋರಬಹುದು. ಕೇಳುವುದು ಭಿಕ್ಷೆಯಲ್ಲ.

ಮುಖವನ್ನು ಸುಟ್ಟವನು ಆ ಹೆಣ್ಣುಮಗಳನ್ನು ಲೋಕದ ಕಣ್ಣಿನಿಂದ ಮರೆಮಾಡಬೇಕೆಂದಿದ್ದನು. ಅವರಾದರೋ ಅದೇ ಮುಖದಿಂದ ನ್ಯಾಯಪೀಠದ ಮುಂದೆ ನಿಂತು, ಮುಂದೆ ಬರುವ ಸಾವಿರಾರು ಮಂದಿಗೆ ಬಾಗಿಲನ್ನು ತೆರೆಸಿದರು. ಇದಕ್ಕಾಗಿ ನಮ್ಮ ಮನೆಮನೆಗಳೂ ಅವರಿಗೆ ಋಣಿಯಾಗಿರತಕ್ಕವು.