ಹಾರ್ಮೋನು ಚಿಕಿತ್ಸೆ: ಹಳ್ಳಿಯವರು ತಕ್ಕ ವೈದ್ಯರನ್ನು ಹುಡುಕುವ ಬಗೆ

ಮನೆಯಲ್ಲಿ ಒಬ್ಬರಿಗೆ ಬೇನೆ ಬಂದರೆ ಯಾವ ವೈದ್ಯರ ಕಡೆಗೆ ಹೋಗಬೇಕೆಂಬದನ್ನು ನೆರೆಹೊರೆಯವರಿಂದ ಕೇಳಿ ತಿಳಿಯುವದು ನಮ್ಮ ರೂಢಿ. ಕಣ್ಣಿನ ಪೊರೆಗೆ ಇಂಥವರು, ಎಲುಬು ಮುರಿದರೆ ಇಂಥವರು, ಬಾಣಂತಿಯರಿಗೆ ಇಂಥವರು ಎಂದು ಊರಿನ ಹಿರಿಯರು ಕೂಡಲೆ ಹೇಳಿಬಿಡುವರು. ಆದರೆ ನೆರೆಯವರನ್ನು ಬಾಯಿಬಿಟ್ಟು ಕೇಳಲಾರದಂಥ ಚಿಕಿತ್ಸೆಯೊಂದು ಇರುವದು. ಗಂಡಾಗಿ ಹುಟ್ಟಿಯೂ ತಾನು ಹೆಣ್ಣೆಂದು, ಇಲ್ಲವೆ ಹೆಣ್ಣಾಗಿ ಹುಟ್ಟಿಯೂ ತಾನು ಗಂಡೆಂದು ಅಂತರಂಗದಲ್ಲಿ ದೃಢವಾಗಿ ಅರಿತವರು, ದೇಹವನ್ನು ಆ ಅರಿವಿಗೆ ಹೊಂದಿಸಿಕೊಳ್ಳುವದಕ್ಕಾಗಿ ತೆಗೆದುಕೊಳ್ಳುವ ಹಾರ್ಮೋನು ಚಿಕಿತ್ಸೆಯೇ ಅದು. ಇಂಥವರನ್ನು ಈಗ ಲಿಂಗತ್ವ ಅಲ್ಪಸಂಖ್ಯಾತರೆಂದೂ ಟ್ರಾನ್ಸ್‌ಜೆಂಡರ್ ಎಂದೂ ಕರೆಯುವರು. ಪಟ್ಟಣದಲ್ಲಿದ್ದವರು ಹೇಗಾದರೂ ವೈದ್ಯರನ್ನು ಕಂಡುಕೊಳ್ಳುವರು. ಹಳ್ಳಿಯವರ ಗತಿಯೇನು? ಗೃಹಸ್ಥರು ಇದನ್ನು ಶಾಂತಚಿತ್ತದಿಂದ ವಿಚಾರಿಸುವದು ಅವಶ್ಯವಾಗಿದೆ.

ಉಗಾರ ಖುರ್ದವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೃಷ್ಣಾ ತೀರದ ಈ ಊರು 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರಖಾನೆಯಿಂದ ಹೆಸರಾದದ್ದು. ಬೆಳಗಾವಿ-ಮಿರಜ ರೇಲ್ವೆ ದಾರಿಯಲ್ಲಿ ಇದಕ್ಕೊಂದು ಸ್ಟೇಶನ್ನಿದೆ. ಜಿಲ್ಲೆಯ ಮುಖ್ಯಪಟ್ಟಣವಾದ ಬೆಳಗಾವಿ ದೂರ. ಮಹಾರಾಷ್ಟ್ರಕ್ಕೆ ಸೇರಿದ ಮಿರಜ ಹತ್ತಿರ. ಡಾ. ವಿಲಿಯಮ್ ವಾನ್ಲೆಸ್ಸರು 1894ರಲ್ಲಿ ಮಿರಜದಲ್ಲಿ ಮಿಶನ್ ದವಾಖಾನೆಯನ್ನು ತೆರೆದಂದಿನಿಂದ ಈ ಸೀಮೆಯ ಜನರು ದೊಡ್ಡ ಬೇನೆಗಳಿಗೆ ಆ ಊರನ್ನೇ ನಂಬಿದ್ದಾರೆ. ಆದರೆ ಹಾರ್ಮೋನು ಚಿಕಿತ್ಸೆಯನ್ನು ಬಯಸುವ ತರುಣರಿಗೆ ಯಾವ ಗಾಡಿ ಹತ್ತಬೇಕು, ಯಾವ ಬಾಗಿಲು ತಟ್ಟಬೇಕು ಎಂಬದೇ ತಿಳಿಯದು. ಊರಿನ ದವಾಖಾನೆಯಲ್ಲಿ ಕೇಳಿದರೆ ಮಾತು ಸಂಜೆಯೊಳಗಾಗಿ ಮನೆಗೆ ಮುಟ್ಟೀತೆಂಬ ಭಯವೂ ಇರುವದು.

ಇಂಥ ಜನರು ನಮ್ಮ ನಾಡಿಗೆ ಹೊಸಬರಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿಯೂ ಅಥಣಿ ತಾಲೂಕಿನ ಕೊಕಟನೂರ ಎಲ್ಲಮ್ಮನ ಜಾತ್ರೆಯಲ್ಲಿಯೂ ಕೊಡ ಹೊತ್ತ ಜೋಗಪ್ಪಗಳನ್ನು ನೋಡದವರು ಈ ಭಾಗದಲ್ಲಿ ವಿರಳ. 2014ನೆಯ ಏಪ್ರಿಲ್ 15ರಂದು ಸುಪ್ರೀಮ್ ಕೋರ್ಟು ಕೊಟ್ಟ ಪ್ರಸಿದ್ಧ ತೀರ್ಪಿನಲ್ಲಿಯೂ ಜೋಗಪ್ಪಗಳ ಉಲ್ಲೇಖವಿದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 20,266 ಜನರು ಗಂಡು-ಹೆಣ್ಣುಗಳೆರಡರಲ್ಲಿಯೂ ಸೇರದವರೆಂದು ದಾಖಲಾದರು. ಆದರೆ ಜೋಗಪ್ಪಗಳಾಗದೆ ಕಾರಖಾನೆಯಲ್ಲಿ ದುಡಿಯುವವರು, ಕಾಲೇಜಿಗೆ ಹೋಗುವವರು, ಹೊಲಮನೆ ನೋಡಿಕೊಳ್ಳುವವರು ಇವರಲ್ಲಿ ಅನೇಕರು. ಜಾತ್ರೆಯಲ್ಲಿ ಕೈಮುಗಿಯುವ ನಮ್ಮ ಸಮಾಜವು ದವಾಖಾನೆಯಲ್ಲಿ ಇವರಿಗೊಂದು ಕುರ್ಚಿ ಕೊಟ್ಟಿದೆಯೇ ಎಂಬದೇ ಪ್ರಶ್ನೆ.

ಹಾರ್ಮೋನೆಂದರೆ ಭಯಪಡತಕ್ಕ ವಸ್ತುವಲ್ಲ. ದೇಹದ ನಿರ್ನಾಳ ಗ್ರಂಥಿಗಳು ರಕ್ತದಲ್ಲಿ ಬಿಡುವ ರಸಗಳಿಗೆ ಆ ಹೆಸರು. ಮಧುಮೇಹಿಗಳು ಚುಚ್ಚಿಕೊಳ್ಳುವ ಇನ್ಸುಲಿನ್ನೂ ಹಾರ್ಮೋನೇ; ಥೈರಾಯ್ಡ ತೊಂದರೆಯವರು ಮುಂಜಾನೆ ನುಂಗುವ ಗುಳಿಗೆಯೂ ಹಾರ್ಮೋನೇ. ಸ್ತ್ರೀ ಹಾರ್ಮೋನುಗಳಲ್ಲೊಂದನ್ನು 1929ರಲ್ಲಿ ಅಮೇರಿಕೆಯ ಡಾಯ್ಸಿಯವರೂ ಜರ್ಮನಿಯ ಬುಟೆನಾಂಡ್ಟರೂ ಬೇರೆ ಬೇರೆಯಾಗಿ ಶುದ್ಧರೂಪದಲ್ಲಿ ಪಡೆದರು. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರೋನನ್ನು 1935ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಲಾಯಿತು. ಹೆಣ್ಣಾಗಬಯಸುವವರಿಗೆ ಎಸ್ಟ್ರಾಡಯಾಲನ್ನೂ, ಪುರುಷ ಹಾರ್ಮೋನನ್ನು ತಗ್ಗಿಸುವ ಇನ್ನೊಂದು ಔಷಧವನ್ನೂ ಕೊಡುವರು. ಗಂಡಾಗಬಯಸುವವರಿಗೆ ಟೆಸ್ಟೋಸ್ಟೆರೋನ್ ಕೊಡುವರು. ಮೊದಲಿನವರಿಗೆ ಮೂರರಿಂದ ಆರು ತಿಂಗಳಲ್ಲಿ ಎದೆ ಬೆಳೆಯತೊಡಗುವದು. ಆದರೆ ದನಿ ಬದಲಾಗದು. ಎರಡನೆಯವರಿಗೆ ಕೆಲ ತಿಂಗಳಲ್ಲಿ ಮುಟ್ಟು ನಿಲ್ಲುವದು, ದನಿ ದಪ್ಪವಾಗುವದು. ಬೆಳೆದ ಎದೆಯೂ ಇಳಿದ ದನಿಯೂ ಔಷಧ ಬಿಟ್ಟರೂ ಮೊದಲಿನಂತಾಗವು. ಸಂತಾನಶಕ್ತಿಗೂ ಧಕ್ಕೆ ತಗಲಬಹುದಾದ್ದರಿಂದ ಆ ಮಾತನ್ನು ವೈದ್ಯರ ಮುಂದೆ ಮೊದಲೇ ಆಡಬೇಕು. ಇದೆಲ್ಲವೂ 18 ವರ್ಷ ತುಂಬಿದವರ ವಿಷಯ. ಅದಕ್ಕೂ ಚಿಕ್ಕವರನ್ನು ತಜ್ಞರೇ ನೋಡತಕ್ಕದ್ದು.

ವೈದ್ಯರು ಸಿಗದಿದ್ದಲ್ಲಿ ಏನಾಗುವದು? ಬಯಕೆ ಸುಮ್ಮನಾಗುವದಿಲ್ಲ, ಗೆಳೆಯರ ಮಾತು ಕೇಳಿ ಔಷಧದ ಅಂಗಡಿಗೆ ಹೋಗುವದು. ಅಗ್ಗವಾಗಿ ಸಿಗುವ ಗರ್ಭನಿರೋಧಕ ಗುಳಿಗೆಗಳನ್ನು, ಬೇಗ ಫಲ ಬರಲೆಂದು ದಿನಕ್ಕೆ ಎರಡು ಮೂರು ನುಂಗುವವರು ಉಂಟು. ಆ ಗುಳಿಗೆಗಳಲ್ಲಿ ಸಾಮಾನ್ಯವಾಗಿರುವ ಎಥಿನೈಲ್ ಎಸ್ಟ್ರಾಡಯಾಲಿನಿಂದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಬೀಡಿ ಸಿಗರೇಟು ಸೇದುವವರಿಗಂತೂ ಅಪಾಯ ಇನ್ನೂ ಹೆಚ್ಚು. ನಿಪ್ಪಾಣಿಯ ತಂಬಾಕಿನ ಸೀಮೆಯಲ್ಲಿರುವ ನಾವು ಇದನ್ನು ನೆನಪಿಡಬೇಕು. ಒಂದೇ ಕಾಲು ಬಾತು ನೋಯುವದು, ಒಮ್ಮೆಲೆ ಉಸಿರು ಕಟ್ಟುವದು, ಎದೆ ನೋಯುವದು ಕಂಡರೆ ಒಂದು ಗಳಿಗೆಯನ್ನೂ ಕಳೆಯದೆ ದವಾಖಾನೆಗೆ ಒಯ್ಯಬೇಕು. ಯಾವ ಔಷಧ ನುಂಗಿದ್ದೆಂಬದನ್ನು ಮುಚ್ಚಿಡದೆ ಹೇಳಬೇಕು. ಟೆಸ್ಟೋಸ್ಟೆರೋನನ್ನು ಮನಸ್ಸಿಗೆ ಬಂದಂತೆ ಚುಚ್ಚಿಕೊಂಡರೆ ರಕ್ತವು ಮಿತಿಮೀರಿ ದಟ್ಟವಾಗುವದು. ಮುಟ್ಟು ನಿಂತ ಮಾತ್ರಕ್ಕೆ ಗರ್ಭ ನಿಲ್ಲದೆಂದು ತಿಳಿಯುವದೂ ತಪ್ಪು.

ಇನ್ನು ಮುಖ್ಯ ಮಾತಿಗೆ ಬರೋಣ. ಈ ಚಿಕಿತ್ಸೆಗೆ ಎಲ್ಲಿಯೂ ಸಿಗದ ವಿಶೇಷ ವೈದ್ಯರೇ ಬೇಕೆಂಬ ತಿಳುವಳಿಕೆಯು ರೋಗಿಗಳಲ್ಲಿಯೂ ವೈದ್ಯರಲ್ಲಿಯೂ ಇದೆ. ಅದು ಅರ್ಧ ಮಾತ್ರ ನಿಜ. ಚಿಕಿತ್ಸೆಯನ್ನು ಮೊದಲು ಗೊತ್ತುಮಾಡುವದಕ್ಕೆ ನಿರ್ನಾಳ ಗ್ರಂಥಿಗಳ ತಜ್ಞರು, ಅಂದರೆ ಎಂಡೋಕ್ರೈನಾಲಜಿಸ್ಟರು, ಇದ್ದರೆ ಬಹಳ ಒಳ್ಳೆಯದು. ಮನೋವೈದ್ಯರ ಸಲಹೆಯೂ ಬೇಕಾಗುವದು. ಆದರೆ ಅನಂತರದ ಕೆಲಸವೇನು? ರಕ್ತದೊತ್ತಡ ನೋಡುವದು, ತೂಕ ಬರೆಯುವದು, ರಕ್ತ ತೆಗೆದು ಪರೀಕ್ಷೆಗೆ ಕಳಿಸುವದು, ಗುಳಿಗೆಯ ಪ್ರಮಾಣ ಬರೆದುಕೊಡುವದು. ಮೊದಲನೆಯ ವರ್ಷ ಮೂರು ತಿಂಗಳಿಗೊಮ್ಮೆ, ಮುಂದೆ ವರ್ಷಕ್ಕೆ ಒಂದೆರಡು ಸಲ ಇಷ್ಟು ಮಾಡಿದರೆ ಸಾಕು. ಔಷಧಗಳೂ ಅಪರಿಚಿತವಲ್ಲ. ಮುಟ್ಟು ನಿಂತ ಹೆಂಗಸರಿಗೆ ಎಸ್ಟ್ರಾಡಯಾಲನ್ನೂ, ಹೃದಯದ ದುರ್ಬಲತೆಯಿಂದ ಕಾಲು ಬಾತವರಿಗೆ ಸ್ಪೈರೊನೊಲ್ಯಾಕ್ಟೋನನ್ನೂ ಕೊಡುವದುಂಟು. ಪುರುಷ ಹಾರ್ಮೋನನ್ನು ತಗ್ಗಿಸುವದಕ್ಕೆ ಈ ಸ್ಪೈರೊನೊಲ್ಯಾಕ್ಟೋನನ್ನೇ ಬಳಸುವರು. ಇನ್ಸುಲಿನ್ನನ್ನು ನಿರ್ವಹಿಸಬಲ್ಲ ವೈದ್ಯರು ಇದನ್ನೂ ನಿರ್ವಹಿಸಬಲ್ಲರು. ಡಬ್ಲ್ಯೂಪಾಥ್ ಎಂಬ ಅಂತರರಾಷ್ಟ್ರೀಯ ವೈದ್ಯಸಂಘವು 2022ರಲ್ಲಿ ಪ್ರಕಟಿಸಿದ ಎಂಟನೆಯ ಆವೃತ್ತಿಯ ಮಾರ್ಗಸೂಚಿಯೂ ತರಬೇತಾದ ಸಾಮಾನ್ಯ ವೈದ್ಯರು ಈ ಚಿಕಿತ್ಸೆಯನ್ನು ನಡೆಸಬಹುದೆಂದು ಒಪ್ಪುವದು.

ಆದುದರಿಂದ ಹಳ್ಳಿಯವರಿಗೆ ಸುಲಭವಾದ ದಾರಿಯೆಂದರೆ ಇಬ್ಬರು ವೈದ್ಯರನ್ನು ಜೋಡಿಸಿಕೊಳ್ಳುವದು. ಮೊದಲನೆಯವರು ಪಟ್ಟಣದ ತಜ್ಞರು. ಬೆಳಗಾವಿ, ಹುಬ್ಬಳ್ಳಿ, ಮಿರಜಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಅವುಗಳ ದವಾಖಾನೆಗೆ ಹೋಗುವ ಮೊದಲು ಫೋನು ಮಾಡಿ, ಈ ಚಿಕಿತ್ಸೆಯನ್ನು ಯಾರು ನೋಡುವರು, ಯಾವ ವಾರ ಬರುವರು ಎಂದು ಕೇಳಿದರೆ ಗಾಡಿಯ ಖರ್ಚು ಉಳಿಯುವದು. 1992ರಲ್ಲಿ ಸಾಂಗಲಿಯಲ್ಲಿ ಹುಟ್ಟಿದ ಸಂಗ್ರಾಮದಂಥ ಸಂಸ್ಥೆಗಳ ಬಳಗದವರಿಗೆ ಯಾವ ವೈದ್ಯರು ಮರ್ಯಾದೆಯಿಂದ ಮಾತಾಡುವರೆಂಬ ಅನುಭವವಿರುವದು. ಅವರನ್ನು ಕೇಳುವದು ಮೇಲು. ಎರಡನೆಯವರು ಊರ ಹತ್ತಿರದ ವೈದ್ಯರು. ತಜ್ಞರಿಂದ ಔಷಧದ ಹೆಸರು, ಪ್ರಮಾಣ, ಮಾಡಿಸಬೇಕಾದ ಪರೀಕ್ಷೆಗಳು, ಎಷ್ಟು ಏರಿದರೆ ತಿರುಗಿ ಕಳಿಸಬೇಕೆಂಬ ಸೂಚನೆ, ಇವೆಲ್ಲವನ್ನೂ ಬರೆಸಿಕೊಂಡು ಬಂದು ಅವರ ಕೈಗೆ ಕೊಡಬೇಕು. ತಿಳಿಯದ್ದೆಂದು ಹಿಂಜರಿಯುವ ವೈದ್ಯರಿಗೆ ಇಂಥ ಪತ್ರವು ದೊಡ್ಡ ಧೈರ್ಯ. ನಡುವೆ ಸಂಶಯ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ದೂರದ ವೈದ್ಯರನ್ನು ಪರದೆಯ ಮೇಲೆ ಕೇಳುವದಕ್ಕೆ ಸರಕಾರವು 2019ರಲ್ಲಿ ಇ-ಸಂಜೀವನಿಯನ್ನು ಆರಂಭಿಸಿದೆ.

ಒಳ್ಳೆಯ ವೈದ್ಯರನ್ನು ಗುರುತಿಸುವದು ಹೇಗೆ? ಯಾವ ಹೆಸರಿನಿಂದ ಕರೆಯಲಿ ಎಂದು ಕೇಳುವರು. ಸಂಬಂಧವಿಲ್ಲದ ಪ್ರಶ್ನೆ ಕೇಳರು. ಲಾಭದೊಂದಿಗೆ ಅಪಾಯವನ್ನೂ ಹೇಳುವರು. ತಿಳಿಯದ್ದನ್ನು ತಿಳಿಯದೆಂದು ಒಪ್ಪಿ ಬಲ್ಲವರ ಕಡೆಗೆ ಕಳಿಸುವರು. ರಕ್ತಪರೀಕ್ಷೆಯಿಲ್ಲದೆ ಚುಚ್ಚುಮದ್ದು ಕೊಡುವವರನ್ನೂ, ಮದುವೆ ಮಾಡಿದರೆ ಸರಿಹೋಗುವದೆನ್ನುವವರನ್ನೂ ದೂರವಿಡಬೇಕು. ಜಾಗತಿಕ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದನ್ನು ಮನೋರೋಗಗಳ ಪಟ್ಟಿಯಿಂದ ತೆಗೆದಿದೆ. ಇಂಥವರನ್ನು 'ತಿದ್ದುವ' ಚಿಕಿತ್ಸೆಯು ವೃತ್ತಿಯ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸಾರಿತು.

ಕಾಯದೆಯ ಆಧಾರವೂ ಹಣದ ನೆರವೂ ಇಲ್ಲದೆ ಹೋಗಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುರಕ್ಷಣೆಯ ಕಾಯದೆಯು ತನ್ನ 15ನೆಯ ಕಲಮಿನಲ್ಲಿ ಹಾರ್ಮೋನು ಚಿಕಿತ್ಸೆಯ ಅನುಕೂಲವನ್ನು ಸರಕಾರದ ಹೊಣೆಗೆ ಸೇರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗಿನ ಆರೋಗ್ಯ ವಿಮೆಯನ್ನು ಆಯುಷ್ಮಾನ್ ಭಾರತದಲ್ಲಿ ಕೂಡಿಸುವ ಒಪ್ಪಂದವು 2022ನೆಯ ಆಗಸ್ಟ್ ತಿಂಗಳಲ್ಲಿ ಆಯಿತು. ನಿಯಮಗಳು ಕಾಲಕಾಲಕ್ಕೆ ಬದಲಾಗುವದರಿಂದ, ಅರ್ಜಿ ಕೊಡುವ ಮುನ್ನ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿಕೊಳ್ಳುವದು ಜಾಣತನ.

ದೂರದ ದೊಡ್ಡ ಚಿಕಿತ್ಸಾಲಯವೊಂದನ್ನೇ ನೆಚ್ಚುವದು ಕ್ಷೇಮವಲ್ಲವೆಂಬದಕ್ಕೆ ಒಂದು ದೃಷ್ಟಾಂತವಿದೆ. 2021ರಲ್ಲಿ ಹೈದರಾಬಾದಿನಲ್ಲಿ ಈ ಜನರಿಗಾಗಿಯೇ ಮಿತ್ರ್ ಎಂಬ ಚಿಕಿತ್ಸಾಲಯವು ಆರಂಭವಾಯಿತು; ಪುಣೆ, ಕಲ್ಯಾಣಗಳಲ್ಲಿಯೂ ಅಂಥವು ತೆರೆದವು. 2025ರ ಆರಂಭದಲ್ಲಿ ಅಮೇರಿಕೆಯ ಸರಕಾರವು ಪರದೇಶಗಳಿಗೆ ಕೊಡುವ ಸಹಾಯಧನವನ್ನು ತಡೆಯಲು ಮೂರೂ ಬಾಗಿಲು ಹಾಕಿದವು. ಹೈದರಾಬಾದಿನದು ಅದೇ ವರ್ಷ ಬೇರೆ ದಾನಿಗಳ ನೆರವಿನಿಂದ ಮತ್ತೆ ತೆರೆಯಿತಾದರೂ ನಡುವಿನ ದಿನಗಳಲ್ಲಿ ರೋಗಿಗಳ ಅವಸ್ಥೆ ಹೇಗಿದ್ದೀತು! ಊರ ಹತ್ತಿರದಲ್ಲಿಯೇ ಕಾಗದಪತ್ರಗಳನ್ನು ಬಲ್ಲ ವೈದ್ಯರೊಬ್ಬರಿದ್ದವರ ಚಿಕಿತ್ಸೆ ಇಂಥ ಪ್ರಸಂಗದಲ್ಲಿಯೂ ಒಮ್ಮೆಲೆ ಮುರಿದುಬೀಳದು.

ಕೊನೆಗೆ ಮನೆಯ ಮಾತು. ತಂದೆತಾಯಿಗಳಿಗೆ ಇದು ಒಂದು ದಿನದಲ್ಲಿ ಒಪ್ಪಿಗೆಯಾಗುವ ವಿಷಯವಲ್ಲ. ಅಳುವದಕ್ಕೂ ಸಿಟ್ಟಾಗುವದಕ್ಕೂ ಕಾರಣಗಳಿದ್ದಾವು. ಆದರೆ ಮಕ್ಕಳು ಕದ್ದು ನುಂಗುವ ಗುಳಿಗೆಗಿಂತ ತಂದೆತಾಯಿಗಳೆದುರು ವೈದ್ಯರು ಬರೆದುಕೊಟ್ಟ ಗುಳಿಗೆಯು ಸಾವಿರ ಪಾಲು ಸುರಕ್ಷಿತವೆಂಬದನ್ನು ಯಾವ ಗೃಹಸ್ಥರೂ ಅಲ್ಲಗಳೆಯಲಾರರು. ಮನಸ್ಸು ಪೂರ್ತಿ ಒಪ್ಪುವ ಮೊದಲೇ ಅಪ್ಪನಾಗಲಿ ಅವ್ವನಾಗಲಿ ಅಕ್ಕನಾಗಲಿ ವೈದ್ಯರ ಬಾಗಿಲಿನ ವರೆಗೆ ಜತೆಗೆ ಹೋಗಬಹುದು. ಹಾಗೆ ಜತೆಗೆ ಬಂದವರನ್ನು ಕಂಡರೆ ಹಿಂಜರಿಯುವ ವೈದ್ಯರಿಗೂ ಧೈರ್ಯ ಬರುವದು. ಮರ್ಯಾದೆಗಾಗಿ ಮಗುವನ್ನು ಕಳೆದುಕೊಂಡ ಮನೆಯಲ್ಲಿ ಆ ಮೇಲೆ ಮರ್ಯಾದೆಯೂ ಸುಖ ಕೊಡುವದಿಲ್ಲ.