ಬ್ಯಾಂಡಿನಿಂದ ಕಚೇರಿಗೆ

ವಾರ್ಷಿಕ ಹಬ್ಬದ ಮೆರವಣಿಗೆಗೆ ನಾವು ಬ್ಯಾಂಡಿನವರನ್ನು ಕರೆಸುತ್ತೇವೆ. ಕುಳಿತು ಕೇಳುವುದು ಅಪರೂಪ. ಬ್ಯಾಂಡಿನ ವಾದ್ಯವೆನಿಸಿದ್ದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತ ಕಚೇರಿಯ ವಾದ್ಯವಾಗಿಸಿದವರು ನಮ್ಮದೇ ಜಿಲ್ಲೆಯ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು.

ತಂದೆ ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಮಗ, ಮಂಗಳೂರಿನ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. ಕೀಲಿಗಳ ಈ ವಾದ್ಯದಲ್ಲಿ ಸ್ವರಗಳು ಬಿಡಿಬಿಡಿ. ಗಮಕ ಬರಬೇಕಾದರೆ ತುಟಿ, ಉಸಿರನ್ನೇ ಪಳಗಿಸಬೇಕು. ಅದಕ್ಕೆ ವರ್ಷಗಳೇ ಹಿಡಿದವು. ಪಿಟೀಲು, ಮೃದಂಗಗಳ ಚಿಕ್ಕ ಮೇಳದೊಂದಿಗೆ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ತನಕ ಹೋದರು. 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ನಿಧನರಾದರು.

ನಮ್ಮ ಬ್ಯಾಂಡುಗಳಲ್ಲೂ ಟ್ರಂಪೆಟ್, ಕ್ಲಾರಿನೆಟ್ ನುಡಿಸುವ ಯುವಕರಿದ್ದಾರೆ. ಹಬ್ಬಗಳು ಮುಗಿದರೆ ಅವರ ಸಂಪಾದನೆಯೂ ಮುಗಿಯಿತು. ಹಬ್ಬದ ಸಂಜೆ ಅಂಥ ನಾಲ್ವರನ್ನು ವೇದಿಕೆಯಲ್ಲಿ ಕೂರಿಸಿ ಒಂದು ಗಂಟೆ ಕೇಳೋಣ. ಅವರ ಸಂಭಾವನೆಯನ್ನು ಚರ್ಚಿನ ಪಾಲನಾ ಮಂಡಳಿ ಹಬ್ಬದ ಖರ್ಚಿನಲ್ಲಿ ಮೊದಲೇ ಸೇರಿಸಿಕೊಳ್ಳಲಿ.